ಕಾಂಡ್ಲಾ ಎಲೆಗೆ ನೆರಳೇ ಬೇಕು

ಕೇಳುಗರಿಗೆ ನಮಸ್ಕಾರ. ಚಿತ್ರದುರ್ಗ, ದಾವಣಗೆರೆ ಕಡೆ ಸಸ್ಯಶಾಸ್ತ್ರ, ಫಾರ್ಮಸಿ, ಆಯುರ್ವೇದ ಓದುತ್ತಿರುವ ಮಕ್ಕಳೇ, ಈ ಮಾತು ನಿಮಗೆ. ಪ್ರಾಜೆಕ್ಟಿಗೆ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಎಲೆಯ ಔಷಧಿ ಗುಣ ಆರಿಸಿಕೊಳ್ಳುತ್ತೀರಿ. ಬಹಳ ಸಂತೋಷ. ಎಲೆಯನ್ನು ನೆರಳಲ್ಲಿ ಒಣಗಿಸಿ. ನಾನು ಹೇಳಬೇಕಾದದ್ದು ಇದೊಂದೇ.

ಹೊನ್ನಾವರ, ಕುಂದಾಪುರದ ಅಳಿವೆಗಳಲ್ಲಿ ಈ ಮರಗಳು ಉಬ್ಬರ ಬಂದಾಗಲೆಲ್ಲ ಉಪ್ಪುನೀರಲ್ಲಿ ನಿಲ್ಲುತ್ತವೆ. ಬೇರಿರುವ ಕೆಸರಲ್ಲಿ ಆಮ್ಲಜನಕ ಇಲ್ಲ, ಮೇಲೆ ಸುಡುಬಿಸಿಲು. ಇದರಿಂದ ಎಲೆಯೊಳಗೆ ಜೀವಕೋಶ ಕೆಡಿಸುವ ಫ್ರೀ ರಾಡಿಕಲ್‌ಗಳು ಹುಟ್ಟುತ್ತವೆ. ಅವನ್ನು ಅಡಗಿಸಲು ಮರ ಫೀನಾಲ್ ಎಂಬ ಗುಂಪಿನ ಟ್ಯಾನಿನ್, ಫ್ಲೇವನಾಯ್ಡ್‌ಗಳನ್ನು ತಯಾರಿಸಿಕೊಳ್ಳುತ್ತದೆ. ಹೊಳೆಚುಳ್ಳಿ ಎಂಬ ಕಾಂಡ್ಲಾ ಗಿಡದಲ್ಲಿ ಅದೇ ಗುಂಪಿನ ವರ್ಬಾಸ್ಕೋಸೈಡ್ ಎಂಬುದೂ ಉಂಟು. ನೀವು ಹುಡುಕುವ ಗುಣ ಇವುಗಳದ್ದೇ. ನಮ್ಮ ಬಯಲಿನ ತಂಗಡಿ ತೊಗಟೆಯಲ್ಲಿ ಚರ್ಮ ಹದ ಮಾಡುವುದೂ ಟ್ಯಾನಿನ್ನೇ.

ಈಗ ಕೇಳಿ. ಒಂದು ಕಾಲೇಜಿನ ಮಕ್ಕಳು ಕರಾವಳಿಯಿಂದ ಎರಡು ಪ್ಲಾಸ್ಟಿಕ್ ಚೀಲದ ತುಂಬ ಎಲೆ ತಂದರು. ಬಾಯಿ ಬಿಗಿದು, ಬಸ್ಸಿನ ಡಿಕ್ಕಿಯಲ್ಲಿ ಹಾಕಿ, ರಾತ್ರಿಯಿಡೀ ಘಟ್ಟ ಹತ್ತಿ ಬಂದರು. ಬೆಳಿಗ್ಗೆ ಚೀಲ ಬಿಚ್ಚಿದರೆ ಎಲೆ ಬೆವೆತು, ಬಿಸಿಯಾಗಿ, ಅಂಚೆಲ್ಲ ಕಪ್ಪಾಗಿತ್ತು. ಬೇಗ ಒಣಗಲಿ ಎಂದು ಅದನ್ನೇ ತಾರಸಿಯ ಬಿಸಿಲಿಗೆ ಹರವಿದರು. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಆಮೇಲೆ ಮರವನ್ನೇ ದೂರಿದರು! ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದನ್ನು ನೋಡಿದ್ದೀರಲ್ಲ? ಇಲ್ಲೂ ಅದೇ ಕಿಣ್ವದ ಕೆಲಸ. ಎಲೆ ಜಜ್ಜಿದರೆ, ಹಸಿಯಾಗಿಯೇ ಮುಚ್ಚಿಟ್ಟರೆ ಆ ಕಿಣ್ವ ಗಾಳಿಯ ಜೊತೆ ಸೇರಿ ಫೀನಾಲ್‌ಗಳನ್ನು ತಿಂದುಹಾಕುತ್ತದೆ. ಉಳಿದದ್ದನ್ನು ಬಿಸಿಲು ಕೆಡಿಸುತ್ತದೆ.

ಹಾಗಾಗಿ ಮೊದಲು ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಳ್ಳಿ. ಬಲಿತ, ಹುಳ ತಿನ್ನದ ಎಲೆ ಕೀಳಿ. ಕಾಂಡ್ಲಾದಲ್ಲೇ ಒಂದಾದ ಹರ ಮರದ ಹತ್ತಿರ ಹುಷಾರು, ಅದರ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಉಪ್ಪಟ್ಟಿ ಎಂಬ ಕಾಂಡ್ಲಾ ಮರದ ಎಲೆಯ ಮೇಲೆ ಉಪ್ಪು ಕೂತಿರುತ್ತದೆ, ಅಲ್ಲೇ ಸಿಹಿನೀರಲ್ಲಿ ಎರಡು ಸಲ ತೊಳೆಯಿರಿ. ತೊಳೆಯದಿದ್ದರೆ ತೂಕದಲ್ಲಿ ಉಪ್ಪೂ ಸೇರುತ್ತದೆ. ನೀರು ಒರೆಸಿ, ಹತ್ತಿ ಬಟ್ಟೆಯ ಚೀಲದಲ್ಲಿ ಸಡಿಲವಾಗಿ ತನ್ನಿ. ಊರಿಗೆ ಬಂದೊಡನೆ ಗಾಳಿಯಾಡುವ ಕೋಣೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರವಿ, ದಿನಕ್ಕೆರಡು ಸಲ ಮಗುಚಿ. ಕರಾವಳಿಯ ತೇವದಲ್ಲಿ ಬೂಷ್ಟು ಹಿಡಿಯುವ ಎಲೆ ನಮ್ಮ ದುರ್ಗದ ಒಣಗಾಳಿಗೆ ಚೆನ್ನಾಗಿ ಒಣಗುತ್ತದೆ. ಮುರಿದರೆ ಪಟ್ಟೆನ್ನಬೇಕು. ಮಳೆಗಾಲವಾದರೆ ಓವನ್ನಿನಲ್ಲಿ 40 ಡಿಗ್ರಿ ಸಾಕು. ಮತ್ತೆ ಹೇಳುತ್ತೇನೆ, ಬಿಸಿಲು ಬೇಡ, ನೆರಳು.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. 10 ಗ್ರಾಂ ಪುಡಿಗೆ 100 ಮಿಲಿಲೀಟರ್ 70 ಶೇಕಡಾ ಎಥನಾಲ್ ಹಾಕಿ, ಒಂದು ದಿನ ಕತ್ತಲಲ್ಲಿಟ್ಟು ಆಗಾಗ ಕುಲುಕಿ, ಸೋಸಿ. ಡಿಪಿಪಿಎಚ್ ಎಂಬುದು ನೇರಳೆ ಬಣ್ಣದ ಫ್ರೀ ರಾಡಿಕಲ್; ಪರೀಕ್ಷೆಯಲ್ಲಿ ಎಲೆಯ ಸಾರ ಅದನ್ನು ಅಡಗಿಸಿದರೆ ಬಣ್ಣ ಹಳದಿಯಾಗುತ್ತದೆ. ಅರ್ಧ ಗಂಟೆ ಕತ್ತಲಲ್ಲಿಟ್ಟು 517 ನ್ಯಾನೋಮೀಟರ್ ಬೆಳಕಿನಲ್ಲಿ ಬಣ್ಣ ಅಳೆಯಿರಿ. ಎಲೆಯ ಹಸಿರೂ ಲೆಕ್ಕ ಕೆಡಿಸುತ್ತದೆ, ಆದ್ದರಿಂದ ಡಿಪಿಪಿಎಚ್ ಹಾಕದ ಸಾರವನ್ನೂ ಒಮ್ಮೆ ಅಳೆದು ಕಳೆಯಿರಿ. ಬಣ್ಣ ಬದಲಾಯಿತೆಂದು ಮನೆಯಲ್ಲಿ ಕಷಾಯ ಮಾತ್ರ ಕಾಯಿಸಬೇಡಿ. ಗಾಜಿನ ನಳಿಗೆಯಲ್ಲಿ ಕಂಡದ್ದು ಕುಡಿಯುವ ಔಷಧಿಯ ಅಳತೆಯಲ್ಲ.

ಪುಡಿಯನ್ನು ಕಂದು ಬಣ್ಣದ ಬಾಟಲಿಯಲ್ಲಿ ತುಂಬಿ, ಮರದ ಹೆಸರು, ಕಿತ್ತ ಜಾಗ, ತಾರೀಖು ಬರೆದು ಅಂಟಿಸಿ. ಅದನ್ನೂ ನೆರಳಲ್ಲೇ ಇಡಿ. ನಮಸ್ಕಾರ.