ಟೋಪಿಯ ಬಿಲ್ಲೆ ಮತ್ತು ಅದರ ಬೆನ್ನು

ಕೇಳುಗರಿಗೆ ನಮಸ್ಕಾರ.

ಐರ್ಲೆಂಡಿನ ಡಬ್ಲಿನ್ ನಗರದ ಹೆಸರು ಹೊತ್ತಿದ್ದ ಒಂದು ಕಾಲಾಳು ಪಡೆಗೂ ನಮ್ಮ ಮೈಸೂರಿಗೂ ಏನು ನಂಟು ಎಂದು ಯಾರಾದರೂ ಕೇಳಿದರೆ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ಲೋಹದ ಬಿಲ್ಲೆಯನ್ನು ತೋರಿಸಿ ಉತ್ತರ ಹೇಳಬಹುದು. ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್ ಎಂಬ ಆ ಪಡೆಯ ಸೈನಿಕರು ಟೋಪಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಬ್ಯಾಡ್ಜು ಉರಿಯುವ ಕೈಬಾಂಬಿನ ಆಕಾರದ್ದು. ಅದರ ಗುಂಡಿನ ಮೇಲೆ ಒಂದು ಹುಲಿಯಿದೆ, ಹುಲಿಯ ಕೆಳಗೆ ಒಂದು ಆನೆಯಿದೆ. ಈಸ್ಟ್ ಇಂಡಿಯಾ ಕಂಪನಿಯು ಮದರಾಸಿನಲ್ಲಿಯೂ ಮುಂಬಯಿಯಲ್ಲಿಯೂ ಕಟ್ಟಿದ್ದ ಎರಡು ಹಳೆಯ ಐರೋಪ್ಯ ಪಡೆಗಳನ್ನು 1881ರ ಸೇನಾ ಸುಧಾರಣೆಯಲ್ಲಿ ಒಂದುಗೂಡಿಸಿ ಈ ಡಬ್ಲಿನ್ ಪಡೆಯನ್ನು ರೂಪಿಸಲಾಯಿತಾದ್ದರಿಂದ, ಐರ್ಲೆಂಡಿನ ಹುಡುಗರ ಹಣೆಯ ಮೇಲೆ ಭಾರತದ ಪ್ರಾಣಿಗಳು ಬಂದು ಕುಳಿತವು. ಹುಲಿಯೊಂದಿಗೆ ಪ್ಲಾಸಿ, ಬಕ್ಸರ್ ಎಂಬ ಕದನಗಳ ಹೆಸರುಗಳೂ, ಆನೆಯೊಂದಿಗೆ ಕರ್ನಾಟಿಕ್, ಮೈಸೂರು ಎಂಬ ಹೆಸರುಗಳೂ ಆ ಪಡೆಯ ಗೌರವಗಳಾಗಿ ದಾಖಲಾಗಿವೆ. ನಮ್ಮ ನಾಡಿನ ಮೇಲೆ ನಡೆದ ದಂಡಯಾತ್ರೆ ಅವರಿಗೆ ಆಭರಣವಾಯಿತು. 1922ರಲ್ಲಿ ಆ ಪಡೆಯನ್ನು ವಿಸರ್ಜಿಸಿದರು, ಬಿಲ್ಲೆಗಳು ಉಳಿದವು.

ಇಂತಹ ಹಳೆಯ ಸೇನಾ ಬಿಲ್ಲೆಗಳನ್ನು ಕೂಡಿಡುವ ಹವ್ಯಾಸದ ಕುರಿತು ನಾನು ಈ ಹೊತ್ತು ಮಾತನಾಡುತ್ತೇನೆ. ಟೋಪಿಯ ಬ್ಯಾಡ್ಜು ಒಂದೇ ಇರುತ್ತದೆ. ಕಾಲರಿನ ಬ್ಯಾಡ್ಜುಗಳು ಜೋಡಿಯಾಗಿರುತ್ತವೆ. ಪ್ರಾಣಿಯ ಚಿತ್ರವಿರುವ ಕಾಲರ್ ಬ್ಯಾಡ್ಜುಗಳಲ್ಲಿ ಎಡಗಡೆಯದು ಒಂದು ದಿಕ್ಕಿಗೂ ಬಲಗಡೆಯದು ಇನ್ನೊಂದು ದಿಕ್ಕಿಗೂ ಮುಖ ಮಾಡಿ, ತೊಟ್ಟಾಗ ಪರಸ್ಪರ ಎದುರುಬದುರಾಗಿ ನೋಡುತ್ತವೆ. ಒಂದೇ ಕಡೆಗೆ ಮುಖ ಮಾಡಿದ ಎರಡು ಹುಲಿಗಳನ್ನು ಜೋಡಿಯೆಂದು ಮಾರುವ ವ್ಯಾಪಾರಿಗಳಿದ್ದಾರೆ. ಅದು ಜೋಡಿಯಲ್ಲ, ಎರಡು ಒಂಟಿಗಳು.

ಬಿಲ್ಲೆಯ ಕಾಲವನ್ನು ಗುರುತಿಸಲು ಮೊದಲು ನೋಡಬೇಕಾದದ್ದು ಕಿರೀಟವನ್ನು. ಬ್ರಿಟಿಷ್ ಸೇನೆಯ ಬಿಲ್ಲೆಗಳಲ್ಲಿ 1901ರವರೆಗೆ ವಿಕ್ಟೋರಿಯಾ ರಾಣಿಯ ಕಾಲದ ಕಿರೀಟವೂ, ಅಲ್ಲಿಂದ 1952ರವರೆಗೆ ಗುಮ್ಮಟದಂತೆ ದುಂಡಾಗಿ ಏರಿದ ಟ್ಯೂಡರ್ ಕಿರೀಟವೂ, ಎರಡನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ನಡುವೆ ತಗ್ಗಿದ ಕಮಾನುಗಳುಳ್ಳ ಸೇಂಟ್ ಎಡ್ವರ್ಡ್ ಕಿರೀಟವೂ ಕಾಣುತ್ತವೆ. ಸಂಗ್ರಾಹಕರು ನಡುವಿನದನ್ನು ಕಿಂಗ್ಸ್ ಕ್ರೌನ್ ಎಂದೂ ಕೊನೆಯದನ್ನು ಕ್ವೀನ್ಸ್ ಕ್ರೌನ್ ಎಂದೂ ಕರೆಯುತ್ತಾರೆ. ಭಾರತೀಯ ಸೇನೆಯ ಬಿಲ್ಲೆಗಳಲ್ಲಿ ಈ ಲೆಕ್ಕ ಇನ್ನೂ ಸುಲಭ: 1950ರ ಜನವರಿ 26ರಂದು ದೇಶ ಗಣರಾಜ್ಯವಾದ ಮೇಲೆ ಕಿರೀಟದ ಜಾಗಕ್ಕೆ ಅಶೋಕನ ಸಿಂಹಗಳು ಬಂದವು. ಹೆಸರಿನ ಬದಲಾವಣೆಯೂ ಇಂತಹದೇ ಸಾಕ್ಷಿ. ಹುಲಿಯ ಮೇಲ್ಗಡೆ ಹಿಂದೂಸ್ತಾನ್ ಎಂದು ಬರೆದಿರುವ ಲೆಸ್ಟರ್‌ಶೈರ್ ಪಡೆಯ ಬಿಲ್ಲೆಯನ್ನು ತೆಗೆದುಕೊಳ್ಳಿ. ಆ ಹುಲಿಯನ್ನು 1804ರಿಂದ 1823ರವರೆಗಿನ ಭಾರತದ ಸೇವೆಗಾಗಿ 1825ರಲ್ಲಿ ಅವರಿಗೆ ನೀಡಲಾಯಿತು. ಪಡೆಯ ಹೆಸರಿಗೆ ರಾಯಲ್ ಎಂಬ ಗೌರವ ಸೇರಿದ್ದು 1946ರಲ್ಲಿ. ಆದ್ದರಿಂದ ರಾಯಲ್ ಎಂದು ಬರೆದಿರುವ ಹುಲಿಯನ್ನು ಮೊದಲ ಮಹಾಯುದ್ಧದ್ದೆಂದು ಯಾರಾದರೂ ಹೇಳಿದರೆ, ನಸುನಕ್ಕು ಮುಂದಿನ ಅಂಗಡಿಗೆ ಹೋಗಬಹುದು. ನಮ್ಮ ಗುಜರಿ ಪೇಟೆಗಳಲ್ಲಿ ಮೊದಲ ಮಹಾಯುದ್ಧಕ್ಕೆ ಸೇರದ ಹಳೆಯ ಲೋಹವೇ ಇಲ್ಲವೇನೋ ಎನ್ನಿಸುವಷ್ಟು ಆ ಮಾತು ಅಗ್ಗವಾಗಿದೆ.

ಆದರೆ ಮುಂಭಾಗವನ್ನು ಯಾರು ಬೇಕಾದರೂ ನಕಲು ಮಾಡಬಲ್ಲರು. ನನ್ನ ಅನುಭವದಲ್ಲಿ ಬಿಲ್ಲೆಯನ್ನು ಕೊಳ್ಳುವವನು ಅದರ ಬೆನ್ನನ್ನು ನೋಡಿ ಕೊಳ್ಳಬೇಕು. ಬರ್ಮಿಂಗ್‌ಹ್ಯಾಮ್ ಮತ್ತು ಲಂಡನ್ನಿನ ತಯಾರಕರು ಉಕ್ಕಿನ ಅಚ್ಚಿನ ನಡುವೆ ತೆಳುವಾದ ಹಿತ್ತಾಳೆಯ ತಗಡನ್ನಿಟ್ಟು ಬಲವಾಗಿ ಗುದ್ದಿ ಈ ಬಿಲ್ಲೆಗಳನ್ನು ಮಾಡುತ್ತಿದ್ದುದರಿಂದ, ಮುಂದೆ ಉಬ್ಬಿದ್ದೆಲ್ಲ ಹಿಂದೆ ತಗ್ಗಾಗಿ ಕಾಣುತ್ತದೆ. ಹುಲಿಯ ಪಕ್ಕೆಲುಬುಗಳನ್ನು ಹಿಂದಿನಿಂದಲೂ ಎಣಿಸಬಹುದು. ಸಿಕ್ಕಿಸುವ ವ್ಯವಸ್ಥೆ ಎರಡು ಬಗೆಯದು. ಒಂದರಲ್ಲಿ ತಾಮ್ರದ ತಂತಿಯ ಎರಡು ಪುಟ್ಟ ಕೊಂಡಿಗಳನ್ನು ಬೆಸೆದು, ಬಟ್ಟೆಯ ಒಳಗಡೆಯಿಂದ ಅವುಗಳೊಳಗೆ ಒಂದು ಪಿನ್ನನ್ನು ತೂರಿಸುತ್ತಾರೆ. ಇನ್ನೊಂದರಲ್ಲಿ ಸ್ಲೈಡರ್ ಎಂದು ಕರೆಯುವ ನೀಳವಾದ ಲೋಹದ ಪಟ್ಟಿ ಕೆಳಮುಖವಾಗಿ ಇಳಿದಿರುತ್ತದೆ. ಟೋಪಿಯ ಸೀಳಿನಲ್ಲಿ ಅದನ್ನು ಇಳಿಬಿಟ್ಟರೆ ಬಿಲ್ಲೆ ನಿಲ್ಲುತ್ತದೆ. ಬಿಲ್ಲೆಯ ಮೈ ನೂರು ವರ್ಷ ಹಳೆಯದಾಗಿ ಮಾಸಿರುವಾಗ ಸ್ಲೈಡರಿನ ಬೆಸುಗೆ ಮಾತ್ರ ನಿನ್ನೆ ಮೊನ್ನೆಯದರಂತೆ ಹೊಳೆಯುತ್ತಿದ್ದರೆ, ಒಂದೋ ಅದು ದುರಸ್ತಿಯಾಗಿದೆ, ಇಲ್ಲವೇ ಇಡೀ ಬಿಲ್ಲೆಯೇ ಹೊಸದು. ಹಳೆಯ ಅಚ್ಚುಗಳಿಂದಲೇ ಮತ್ತೆ ಗುದ್ದಿ ತೆಗೆದ ಬಿಲ್ಲೆಗಳೂ ಪೇಟೆಯಲ್ಲಿವೆ; ಅವನ್ನು ರೀಸ್ಟ್ರೈಕ್ ಎನ್ನುತ್ತಾರೆ. ಹೆಸರಾಂತ ತಯಾರಕರ ಮುದ್ರೆ ಹಿಂದೆ ಇದೆಯೆಂದ ಮಾತ್ರಕ್ಕೆ ನಂಬುವಂತಿಲ್ಲ. ಮುದ್ರೆಯನ್ನೂ ನಕಲು ಮಾಡುತ್ತಾರೆ.

ಇಲ್ಲಿ ಭಾರತದ ಸಂಗ್ರಾಹಕರು ಒಂದು ಸಂಗತಿಯನ್ನು ಗಮನಿಸಬೇಕು. ಅಚ್ಚೊತ್ತಿದ್ದು ಅಸಲಿ, ಎರಕ ಹೊಯ್ದದ್ದು ನಕಲಿ ಎಂಬ ನಿಯಮವನ್ನು ಇಂಗ್ಲೆಂಡಿನವರು ಹೇಳುತ್ತಾರೆ. ಅವರ ಪೇಟೆಗೆ ಅದು ಬಹುಮಟ್ಟಿಗೆ ಸರಿ. ಆದರೆ ಭಾರತದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಪಡೆಗಳೂ ಭಾರತೀಯ ಪಡೆಗಳೂ ದಂಡು ಪ್ರದೇಶದ ಬಜಾರಿನ ಕಂಚುಗಾರರಿಂದ, ಅದರಲ್ಲಿಯೂ ಎರಡನೆಯ ಮಹಾಯುದ್ಧದ ಕಾಲದಲ್ಲಿ, ಬಿಲ್ಲೆಗಳನ್ನು ಮಾಡಿಸಿಕೊಂಡಿದ್ದುಂಟು. ಇವು ದಪ್ಪ, ಭಾರ, ಹಿಂಬದಿಯಲ್ಲಿ ಮರಳಿನ ಕಾಳುಗಳ ಗುರುತು, ಹುಲಿಯ ಮುಖ ಒಮ್ಮೊಮ್ಮೆ ಬೆಕ್ಕಿನಂತೆ. ಇಂಗ್ಲಿಷ್ ಕೈಪಿಡಿ ಓದಿದವನು ನಕಲಿಯೆಂದು ಪಕ್ಕಕ್ಕೆ ತಳ್ಳುವ ಇಂತಹ ಬಿಲ್ಲೆಗಳೇ ನನಗೆ ಹೆಚ್ಚು ಬೆಲೆಯುಳ್ಳವೆನ್ನಿಸುತ್ತವೆ, ಏಕೆಂದರೆ ಅವುಗಳಲ್ಲಿ ಇಲ್ಲಿಯ ಕೈಗೆಲಸವಿದೆ.

ಲೋಹವೂ ಯುದ್ಧದ ಸ್ಥಿತಿಗತಿಯನ್ನು ಹೇಳುತ್ತದೆ. ಹಿತ್ತಾಳೆ ಮತ್ತು ಬಿಳಿ ಲೋಹ ಎರಡನ್ನೂ ಕೂಡಿಸಿ ಮಾಡುತ್ತಿದ್ದ ಬಿಲ್ಲೆಗಳನ್ನು 1916ರಲ್ಲಿ ಉಳಿತಾಯಕ್ಕಾಗಿ ಬರೀ ಹಿತ್ತಾಳೆಯಲ್ಲಿ ಮಾಡಿದರು. ಎರಡನೆಯ ಮಹಾಯುದ್ಧದಲ್ಲಿ ಹಿತ್ತಾಳೆ ಶಸ್ತ್ರಾಸ್ತ್ರಗಳಿಗೆ ಬೇಕಾದುದರಿಂದ ಪ್ಲಾಸ್ಟಿಕ್ ಬಿಲ್ಲೆಗಳು ಬಂದವು. ಯುದ್ಧಾನಂತರ, ಉಜ್ಜುವ ಅಗತ್ಯವೇ ಇಲ್ಲದ ಹೊಳಪಿನ ಅಲ್ಯುಮಿನಿಯಮ್ ಬಂದಿತು. ಸೈನಿಕರಿಗೆ ಇದರಿಂದ ಹಿತವಾಯಿತು, ನೋಟ ಮಾತ್ರ ತಗಡಿನದು.

ಉಜ್ಜುವ ಮಾತು ಬಂದುದರಿಂದ ಹೇಳುತ್ತೇನೆ. ಹಿತ್ತಾಳೆ ಎಂದ ಕೂಡಲೇ ಹುಣಸೆಹಣ್ಣು ತೆಗೆದುಕೊಂಡು ದೇವರ ಸಾಮಾನಿನಂತೆ ತಿಕ್ಕಲು ಹೊರಡುವ ಮನೆಗಳು ನಮ್ಮಲ್ಲಿ ಬಹಳ. ಬಿಲ್ಲೆಗೆ ಅದು ಬೇಡ. ಅಂದಿನ ಸೈನಿಕನು ನಿತ್ಯವೂ ಉಜ್ಜುತ್ತಿದ್ದ ಕಾರಣ ಹುಲಿಯ ಬೆನ್ನು, ಆನೆಯ ಹಣೆ, ಕಿರೀಟದ ತುದಿ ಮುಂತಾದ ಎತ್ತರದ ಭಾಗಗಳು ಸವೆದು ನುಣುಪಾಗಿರುತ್ತವೆ, ಮೂಲೆಗಳಲ್ಲಿ ಹಳೆಯ ಪಾಲಿಶಿನ ಬಿಳಿ ಹುಡಿ ಗಟ್ಟಿಯಾಗಿ ಕುಳಿತಿರುತ್ತದೆ. ಆ ಅಸಮ ಸವೆತವೇ ಬಿಲ್ಲೆ ಬಳಕೆಯಲ್ಲಿತ್ತೆಂಬುದಕ್ಕೆ ಪುರಾವೆ. ಕೃತಕವಾಗಿ ಸವೆಸಿದ್ದು ಎಲ್ಲ ಕಡೆಯೂ ಒಂದೇ ಸಮನಾಗಿ ಸವೆದಿರುತ್ತದೆ. ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು.

ಕರ್ನಾಟಕದಲ್ಲಿ ಈ ಹವ್ಯಾಸಕ್ಕೆ ವಸ್ತುವಿನ ಕೊರತೆಯಿಲ್ಲ. 1809ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ದಂಡು ಪ್ರದೇಶದಲ್ಲಿ ಎಷ್ಟೋ ಪಡೆಗಳು ಬಂದು ತಂಗಿ ಹೋಗಿವೆ; ಮದರಾಸು ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರುಗಳ ಪಡೆ ಇಂದಿಗೂ ಅಲ್ಲಿದೆ. ಬೆಂಗಳೂರು ರೈಫಲ್ ವಾಲಂಟಿಯರ್ಸ್, ಕೊಡಗಿನ ಹಾಗೂ ಮೈಸೂರಿನ ಐರೋಪ್ಯ ತೋಟಗಾರರು ಸೇರುತ್ತಿದ್ದ ಕೂರ್ಗ್ ಅಂಡ್ ಮೈಸೂರ್ ರೈಫಲ್ಸ್ ಮುಂತಾದ ಸ್ವಯಂಸೇವಕ ಪಡೆಗಳ ಬಿಲ್ಲೆಗಳು ಅಪರೂಪ. ನಮ್ಮವರಿಗೆ ಹೆಚ್ಚು ಆಪ್ತವಾದದ್ದು ಮೈಸೂರು ಸಂಸ್ಥಾನದ ಗಂಡಭೇರುಂಡ. ಮೈಸೂರು ಲ್ಯಾನ್ಸರ್ಸ್ ಎಂಬ ಆ ಸಂಸ್ಥಾನದ ಕುದುರೆ ಪಡೆಯು ಜೋಧಪುರದ ಅಶ್ವಪಡೆಯೊಂದಿಗೆ 1918ರ ಸೆಪ್ಟೆಂಬರ್ 23ರಂದು, ಇಂದು ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದಿತು. ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಕುದುರೆ ಪಡೆಗಳನ್ನು ಒಟ್ಟುಗೂಡಿಸಿ 1953ರಲ್ಲಿ ಕಟ್ಟಿದ, ಇಂದು 61ನೆಯ ಕ್ಯಾವಲ್ರಿ ಎಂದು ಹೆಸರಾಗಿರುವ ಜೈಪುರದ ಪಡೆಯು ಈಗಲೂ ಆ ಎರಡು ತಲೆಯ ಹಕ್ಕಿಯನ್ನೇ ಲಾಂಛನವಾಗಿ ಧರಿಸುತ್ತದೆ.

ಕಾನೂನಿನ ವಿಷಯವನ್ನೂ ತಿಳಿದಿರಬೇಕು. ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳು 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರುವುದರಿಂದ, ಹೊರದೇಶದ ಗೆಳೆಯರೊಡನೆ ಬಿಲ್ಲೆ ಬದಲಾಯಿಸಿಕೊಳ್ಳಲು ಅಂಚೆಗೆ ಹಾಕುವ ಮುನ್ನ ಯೋಚಿಸಬೇಕು. ಈಗ ಸೇವೆಯಲ್ಲಿರುವ ಪಡೆಗಳ ಲಾಂಛನವನ್ನು ಸೈನಿಕನೆಂದು ನಂಬಿಸುವ ಉದ್ದೇಶದಿಂದ ಧರಿಸುವುದು ಅಪರಾಧ.

ಕೊನೆಯದಾಗಿ, ಬಿಲ್ಲೆ ಯಾರದಾದರೂ ಮನೆಯಿಂದ ಬಂದಿದ್ದರೆ, ತಾತನ ಹೆಸರು, ಊರು, ಪಡೆ, ನಂಬರು ಇವನ್ನು ಕೊಟ್ಟವರು ಹೇಳಿದಂತೆಯೇ ಒಂದು ಚೀಟಿಯಲ್ಲಿ ಬರೆದು ಬಿಲ್ಲೆಯ ಜೊತೆಗೇ ಇಡಿ. ಚೀಟಿಯಿಲ್ಲದ ಗಂಡಭೇರುಂಡ ಹರಾಜಿನಲ್ಲಿ ಹತ್ತರಲ್ಲಿ ಹನ್ನೊಂದನೆಯದು. ಚೀಟಿಯಿರುವುದನ್ನು ವಸ್ತುಸಂಗ್ರಹಾಲಯದವರೂ ಕೇಳಿ ಪಡೆಯುತ್ತಾರೆ. ನಮಸ್ಕಾರ.