ದುಡ್ಡು ಹೋಗಿದ್ದು ಯಾರ ಮನೆಗೆ?

ನಮಸ್ಕಾರ. ಇವತ್ತು ಒಂದು ಸಾಲದ ವಿಷಯ ಮಾತಾಡಬೇಕು. ಬ್ರಿಟನ್ ಸರ್ಕಾರ 1835ರಲ್ಲಿ ಎತ್ತಿದ ಸಾಲ. ಅದು ಪೂರ್ತಿ ಚುಕ್ತಾ ಆಗಿದ್ದು 2015ರಲ್ಲಿ. ನೂರ ಎಂಬತ್ತು ವರ್ಷ!

'1833ರಲ್ಲಿ ಬ್ರಿಟನ್ ಗುಲಾಮಗಿರಿಯನ್ನು ರದ್ದುಪಡಿಸಿತು' ಅಂತ ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಅದು ಸುಳ್ಳಲ್ಲ. ಅಲ್ಲಿನ ಸಂಸದ ವಿಲ್ಬರ್‌ಫೋರ್ಸ್ ಆಯುಷ್ಯದ ಬಹುಪಾಲನ್ನು ಇದಕ್ಕಾಗಿ ತೇದದ್ದು ನಿಜ. ಗುಲಾಮರ ಬೆವರಿನ ಸಕ್ಕರೆ ನಮ್ಮ ಮನೆಯ ಟೀಗೆ ಬೇಡ ಅಂತ ಅಲ್ಲಿನ ಸಾವಿರಾರು ಹೆಂಗಸರು ಹಟ ಹಿಡಿದದ್ದೂ ನಿಜ. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಆ ಕಾಯ್ದೆಯಲ್ಲೇ ಪರಿಹಾರದ ಮಾತೂ ಇತ್ತು. ಎರಡು ಕೋಟಿ ಪೌಂಡ್. ಆ ಕಾಲದ ಸರ್ಕಾರ ವರ್ಷಕ್ಕೆ ಮಾಡುತ್ತಿದ್ದ ಖರ್ಚಿನಲ್ಲಿ ಹೆಚ್ಚುಕಡಿಮೆ ಶೇ 40ರಷ್ಟು. ಬ್ರಿಟನ್ನಿನ ವಸಾಹತುಗಳಲ್ಲಿ ಬಿಡುಗಡೆ ಆಗಬೇಕಿದ್ದವರು ಸುಮಾರು ಎಂಟು ಲಕ್ಷ ಜನ. ಅವರ ಕೈಗೆ ಬಿಡಿಗಾಸೂ ಬರಲಿಲ್ಲ. ನಿಮ್ಮ ಆಸ್ತಿ ಹೋಯಿತಲ್ಲ, ತಗೊಳ್ಳಿ ಅಂತ ಅಷ್ಟೂ ದುಡ್ಡನ್ನು ಒಡೆಯರಿಗೆ ಕೊಟ್ಟರು. ನಾನು ಹೇಳಿದ ಸಾಲ ಎತ್ತಿದ್ದು ಇದಕ್ಕೇ.

ಆಗ ತುಂಬಿಸಿದ ನಮೂನೆಗಳು ಇವತ್ತಿಗೂ ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅದರಲ್ಲಿ ಮನುಷ್ಯರನ್ನು ಬಗೆಬಗೆಯಾಗಿ ವಿಂಗಡಿಸಿ ಬರೆದಿದ್ದಾರೆ. ಮೇಸ್ತ್ರಿಗಳು. ಹೊಲದ ಆಳುಗಳು. ಅವರಿಗಿಂತ ಕೆಳಗೆ, ಕಡಿಮೆ ದರ್ಜೆಯ ಹೊಲದ ಆಳುಗಳು. ಮನೆಗೆಲಸದವರು. ಆರು ವರ್ಷದೊಳಗಿನ ಮಕ್ಕಳು. ಕೊನೆಗೆ ಮುದುಕರು, ರೋಗಿಗಳು, ಕೆಲಸಕ್ಕೆ ಬಾರದವರು. ಒಂದೊಂದು ಬಗೆಗೂ ಒಂದೊಂದು ದರ. ಜಾತ್ರೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡಿ ಬೆಲೆ ಕಟ್ಟುವುದನ್ನು ಕಂಡವರಿಗೆ ಈ ನಮೂನೆ ಬಿಡಿಸಿ ಹೇಳಬೇಕಾಗಿಲ್ಲ. ಜಮೈಕಾದಲ್ಲಿ ತಲೆಗೆ ಸರಾಸರಿ 20 ಪೌಂಡ್ ಆಸುಪಾಸು. ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾದಲ್ಲಿ 50 ದಾಟಿತ್ತು. ಯಾಕೆ? ಅಲ್ಲಿ ಕಬ್ಬಿನ ನೆಲ ಹೊಸದು, ಫಲವತ್ತು, ಆಳುಗಳಿಗೆ ಬರ. ಹಾಗಾಗಿ ಸಂತೆಯಲ್ಲಿ ಮನುಷ್ಯನ ಬೆಲೆ ಜಾಸ್ತಿ.

ದುಡ್ಡು ಕೊಟ್ಟ ಮೇಲಾದರೂ ಬಿಟ್ಟರಾ? ಇಲ್ಲ. 1834ರ ಆಗಸ್ಟ್ 1ಕ್ಕೆ ಕಾಯ್ದೆ ಜಾರಿಗೆ ಬಂತು. ಹೆಚ್ಚಿನ ಕಡೆ ಆವತ್ತೇ ಬಿಡುಗಡೆ ಸಿಕ್ಕಿದ್ದು ಆರು ವರ್ಷದೊಳಗಿನ ಮಕ್ಕಳಿಗೆ ಮಾತ್ರ. ಉಳಿದವರನ್ನು ಗುಲಾಮರು ಅನ್ನುವ ಬದಲು 'ಅಪ್ರೆಂಟಿಸ್' ಅಂತ ಕರೆದರು. ಹೊಲದವರು ಇನ್ನೂ ಆರು ವರ್ಷ ಅದೇ ಒಡೆಯನಿಗೆ ಸಂಬಳವಿಲ್ಲದೆ ದುಡಿಯಬೇಕು ಅಂತ ಕಟ್ಟಳೆ. ಹುಟ್ಟಿದಾಗಿನಿಂದ ಕಬ್ಬು ಕಡಿದವರು ಇನ್ನೇನು ಕಲಿಯಬೇಕಿತ್ತು, ಹೇಳಿ? ಆವತ್ತು ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಜನ, ಅದರಲ್ಲೂ ವಯಸ್ಸಾದವರು, ಗವರ್ನರ್ ಮನೆ ಮುಂದೆ ಸೇರಿ ಅಲ್ಲಿನ ಫ್ರೆಂಚ್ ಆಡುಮಾತಿನಲ್ಲಿ ಕೂಗಿದರು: ಆರು ವರ್ಷ ಬೇಡ, ಬೇಡವೇ ಬೇಡ. ಪ್ರತಿಭಟನೆ ಎಲ್ಲ ಕಡೆ ಬೆಳೆದು, ಆರು ವರ್ಷದ ಮಾತು ನಾಲ್ಕಕ್ಕೆ ನಿಂತು, 1838ರ ಆಗಸ್ಟ್ 1ರಂದು ನಿಜವಾದ ಬಿಡುಗಡೆ ಆಯಿತು.

ಈಗ ಒಬ್ಬ ಒಡೆಯನ ವಿಷಯಕ್ಕೆ ಬರ್ತೀನಿ. ಜಾನ್ ಗ್ಲಾಡ್‌ಸ್ಟನ್, ಲಿವರ್‌ಪೂಲ್‌ನ ವ್ಯಾಪಾರಿ. ಇವರ ಮಗ ವಿಲಿಯಂ ಮುಂದೆ ನಾಲ್ಕು ಸಲ ಬ್ರಿಟನ್ನಿನ ಪ್ರಧಾನಿಯಾದ. ಗಯಾನಾದ ಡೆಮರಾರಾದಲ್ಲಿ ಜಾನ್ ಅವರಿಗೆ 'ಸಕ್ಸೆಸ್' ಅನ್ನುವ ಎಸ್ಟೇಟ್ ಇತ್ತು. 1823ರಲ್ಲಿ ಡೆಮರಾರಾದ ಗುಲಾಮರು ದಂಗೆ ಎದ್ದಾಗ ಮುಂದೆ ನಿಂತವರು ಇದೇ ಎಸ್ಟೇಟಿನ ಅಪ್ಪ ಮಗ: ಬಡಗಿ ಕ್ವಾಮಿನಾ, ಪೀಪಾಯಿ ಕಟ್ಟುತ್ತಿದ್ದ ಜಾಕ್. ಜಾಕ್‌ನ ಪೂರ್ತಿ ಹೆಸರು ಜಾಕ್ ಗ್ಲಾಡ್‌ಸ್ಟನ್. ಗಮನಿಸಿ, ಒಡೆಯನ ಮನೆತನದ ಹೆಸರೇ ಆಳಿಗೂ. ರಕ್ತಪಾತ ಬೇಡ ಅಂತ ತನ್ನವರಿಗೆ ಹೇಳುತ್ತಿದ್ದ ಕ್ವಾಮಿನಾನನ್ನು ಗುಂಡಿಟ್ಟು ಕೊಂದು, ಹೆಣವನ್ನು ಸರಪಳಿಯಲ್ಲಿ ಬಿಗಿದು ಎಸ್ಟೇಟಿನ ಮುಂದೆ ನೇತುಹಾಕಿದರು. 'ಬ್ರಿಟನ್ ರದ್ದುಪಡಿಸಿತು' ಅನ್ನುವಾಗ ಈ ಹೆಸರುಗಳು ಬಿಟ್ಟುಹೋಗುತ್ತವೆ. ಪಾರ್ಲಿಮೆಂಟಿಗೆ ಭಯ ಹುಟ್ಟಿಸಿದ್ದು ಇಂಥ ದಂಗೆಗಳು. 1831ರ ಕ್ರಿಸ್ಮಸ್‌ಗೆ ಜಮೈಕಾದಲ್ಲಿ ಸ್ಯಾಮ್ ಶಾರ್ಪ್ ಎಬ್ಬಿಸಿದ ದಂಗೆಯಂತೂ ಎರಡೇ ವರ್ಷದಲ್ಲಿ ಕಾಯ್ದೆ ಬರುವಂತೆ ಮಾಡಿತು.

ಜಾನ್ ಗ್ಲಾಡ್‌ಸ್ಟನ್‌ಗೆ ಸಿಕ್ಕ ಪರಿಹಾರ 2,508 ಜನರಿಗೆ 1,06,769 ಪೌಂಡ್.

ಕಥೆ ಇಲ್ಲಿಂದ ನಮ್ಮ ಕಡೆ ತಿರುಗುತ್ತದೆ. ಗುಲಾಮರು ಹೋದರೆ ಕಬ್ಬು ಕಡಿಯುವವರು ಯಾರು? 1836ರ ಜನವರಿಯಲ್ಲಿ ಈ ಮನುಷ್ಯ ಕಲ್ಕತ್ತಾದ ಒಂದು ಕಂಪನಿಗೆ ಕಾಗದ ಬರೆದು ಭಾರತದ ಕೂಲಿಗಳನ್ನು ಕೇಳಿದ. ಕಷ್ಟವೇನಿಲ್ಲ, ಈ ಜನಕ್ಕೆ ತಾವು ಹೋಗುವ ಜಾಗ ಎಲ್ಲಿದೆ, ಪ್ರಯಾಣ ಎಷ್ಟು ದೂರ ಅಂತ ಏನೂ ಗೊತ್ತಿಲ್ಲ ಅನ್ನುವ ಅರ್ಥದ ಉತ್ತರ ಬಂತು. ಓದಿದ ದಿನ ನನಗೆ ಊಟ ಸೇರಲಿಲ್ಲ. 1838ರ ಮೇ 5ರಂದು ವ್ಹಿಟ್ಬಿ, ಹೆಸ್ಪರಸ್ ಎಂಬ ಎರಡು ಹಡಗುಗಳು 396 ಭಾರತೀಯರನ್ನು ಗಯಾನಾಕ್ಕೆ ತಂದಿಳಿಸಿದವು. ಗುಲಾಮರಿಗೆ ಪೂರ್ತಿ ಬಿಡುಗಡೆ ಸಿಗಲು ಇನ್ನೂ ಮೂರು ತಿಂಗಳಿತ್ತು. ಅಗ್ರಿಮೆಂಟ್ ಅನ್ನುವುದು ಕೂಲಿಗಳ ಬಾಯಲ್ಲಿ 'ಗಿರ್ಮಿಟ್' ಆಯಿತು, ಅವರು ಗಿರ್ಮಿಟಿಯಾಗಳಾದರು. ಈ ಸಾಗಾಟ ನಿಂತಿದ್ದು 1917ರಲ್ಲಿ.

ಅಂದಹಾಗೆ 1833ರ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯಲ್ಲಿದ್ದ ನಮ್ಮ ನೆಲಕ್ಕೆ ಅನ್ವಯಿಸಲೇ ಇಲ್ಲ. ಇಲ್ಲಿಗೆ ಬೇರೆ ಕಾಯ್ದೆ ಬಂದಿದ್ದು 1843ರಲ್ಲಿ. ಜೀತವಂತೂ ಮತ್ತೂ ನೂರಮೂವತ್ತು ವರ್ಷ ಉಳಿಯಿತು. ಕರ್ನಾಟಕದ ಹಳ್ಳಿಗಳಲ್ಲಿ ಅದನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದಾರೆ. ಆದರೆ ನಮ್ಮ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಒಂದು ವಿಷಯದಲ್ಲಿ ಖಡಕ್ಕಾಗಿತ್ತು: ಜೀತದ ಸಾಲ ಅಲ್ಲಿಗೇ ವಜಾ. ಸಾಲ ಕೊಟ್ಟೆ ಅಂತ ಧಣಿ ಕೋರ್ಟಿಗೆ ಹೋಗುವ ಹಾಗಿಲ್ಲ. ಜಾರಿಯಲ್ಲಿ ನೂರು ಹುಳುಕಿರಲಿ, ಬರಹದಲ್ಲಾದರೂ ಕಾಯ್ದೆ ಆಳಿನ ಪರ ನಿಂತಿತು. ಬ್ರಿಟನ್ ಪಾರ್ಲಿಮೆಂಟ್ 1833ರಲ್ಲಿ ಧಣಿಯ ಪರ ನಿಂತಿತ್ತು. ನನ್ನ ತಕರಾರು ಇದು.

ಮತ್ತೆ ಆ ಸಾಲಕ್ಕೆ ಬರೋಣ. ಎರಡು ಕೋಟಿಯಲ್ಲಿ ಒಂದೂವರೆ ಕೋಟಿಯನ್ನು ಲಂಡನ್ನಿನ ಬ್ಯಾಂಕರ್ ನೇಥನ್ ರಾಥ್ಸ್‌ಚೈಲ್ಡ್ ಮತ್ತು ಜೊತೆಗಾರರಿಂದ ಸಾಲ ಎತ್ತಿದರು. ಆ ಸಾಲ ಬೇರೆ ಸರ್ಕಾರಿ ಸಾಲಗಳ ಜೊತೆ ಸೇರಿಕೊಂಡು 2015ರವರೆಗೂ ಉಳಿಯಿತು. 2018ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಖಜಾನೆ ಇಲಾಖೆ ಟ್ವೀಟ್ ಮಾಡಿತು: ನಿಮ್ಮಲ್ಲಿ ಲಕ್ಷಾಂತರ ಜನ ತೆರಿಗೆ ಕಟ್ಟಿ ಗುಲಾಮರ ವ್ಯಾಪಾರ ಕೊನೆಗಾಣಿಸಲು ನೆರವಾದಿರಿ. ಜನ ರೊಚ್ಚಿಗೆದ್ದ ಮೇಲೆ ಅಳಿಸಿಹಾಕಿದರು. ಆ ತೆರಿಗೆ ಕಟ್ಟಿದವರಲ್ಲಿ ಜಮೈಕಾದಿಂದ ಬಂದು ಲಂಡನ್ನಿನಲ್ಲಿ ಬಸ್ ಓಡಿಸಿದವರು, ಆಸ್ಪತ್ರೆಯಲ್ಲಿ ನರ್ಸ್ ಆದವರು ಇದ್ದರು. ತಮ್ಮ ಮುತ್ತಜ್ಜಿಯನ್ನು ಮಾರಿ ಕೊಂಡವನಿಗೆ ಕೊಟ್ಟ ಪರಿಹಾರದ ಬಡ್ಡಿ ಅವರ ಸಂಬಳದಿಂದಲೂ ಹೋಯಿತು. ಅಲ್ಲಿ ದುಡಿದ ನಮ್ಮ ಕನ್ನಡದ ಡಾಕ್ಟರು, ಎಂಜಿನಿಯರುಗಳ ಸಂಬಳದಿಂದಲೂ ಹೋಯಿತು. ಹಳೇ ಕಥೆ ಕೆದಕಬೇಡಿ ಅನ್ನುವವರಿಗೆ ನಾನು ಈ 2015 ಅನ್ನುವ ಇಸವಿಯನ್ನೇ ತೋರಿಸುತ್ತೇನೆ.

2023ರ ಆಗಸ್ಟ್‌ನಲ್ಲಿ, ಡೆಮರಾರಾ ದಂಗೆಗೆ ಇನ್ನೂರು ವರ್ಷ ತುಂಬಿದಾಗ, ಗ್ಲಾಡ್‌ಸ್ಟನ್ ವಂಶದವರು ಗಯಾನಾಕ್ಕೆ ಹೋಗಿ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ನಿಂತು ಕ್ಷಮೆ ಕೇಳಿದರು. ಹೋಗಿ ಎದುರು ನಿಲ್ಲಲು ಧೈರ್ಯ ಬೇಕು, ಅದನ್ನು ಮೆಚ್ಚುತ್ತೇನೆ. ಸಭೆಯಲ್ಲಿ ಕೆಲವರು ಫಲಕ ಹಿಡಿದು ಪ್ರತಿಭಟಿಸಿದರು. ಬರೀ ಕ್ಷಮೆ ಸಾಲದು, ಪರಿಹಾರವೂ ಬೇಕು ಅಂತ ಗಯಾನಾ ದೇಶದ ಅಧ್ಯಕ್ಷ ಇರ್ಫಾನ್ ಅಲಿ ಹಿಂದಿನ ದಿನವೇ ಹೇಳಿದ್ದರು. ಆ ಕುಟುಂಬ ವಿಶ್ವವಿದ್ಯಾಲಯಕ್ಕೆ ಘೋಷಿಸಿದ ಮೊತ್ತ ಒಂದು ಲಕ್ಷ ಪೌಂಡ್. ಅವರ ಹಿರಿಯನಿಗೆ ಸಿಕ್ಕಿದ್ದು 1,06,769. ಸುಮಾರು ಇನ್ನೂರು ವರ್ಷದ ಹಿಂದಿನ ಪೌಂಡು, ಅದು.