ಕಡಿಮೆ ಪದಗಳ ಇಂಗ್ಲಿಷು ಎಷ್ಟು ದೂರ ನಡೆಯುತ್ತದೆ?

ಕೇಳುಗರೇ, ನಮಸ್ಕಾರ.

ಮೈಸೂರಿನ ಊದುಬತ್ತಿ ಜಪಾನಿಗೆ ಹೊರಟಿತು ಅನ್ನಿ. ಪತ್ರ, ಬಿಲ್ಲು, ಪ್ಯಾಕಿಂಗ್ ಸೂಚನೆ ಎಲ್ಲವೂ ಇಂಗ್ಲಿಷಿನಲ್ಲೇ. ಅದು ಬರೆಯುವವರ ತಾಯ್ನುಡಿಯೂ ಅಲ್ಲ, ಓದುವವರದೂ ಅಲ್ಲ. ಇಬ್ಬರಿಗೂ ಎಟುಕುವ ಸರಳ ಇಂಗ್ಲಿಷೊಂದಿದ್ದರೆ ಸಾಲದೇ?

1930ರಲ್ಲಿ ಇಂಗ್ಲೆಂಡಿನ ಭಾಷಾ ಚಿಂತಕ ಸಿ. ಕೆ. ಆಗ್ಡೆನ್ ಅಂಥದ್ದೊಂದನ್ನು ಕಟ್ಟಿದರು. ಅದರ ಹೆಸರು ಬೇಸಿಕ್ ಇಂಗ್ಲಿಷ್. ಒಟ್ಟು 850 ಪದ, ಅದರಲ್ಲಿ ಕ್ರಿಯಾಪದ ಬರೀ 18. ಚರ್ಚಿಲ್ ಕೂಡ 1943ರಲ್ಲಿ ಹಾರ್ವರ್ಡಿನಲ್ಲಿ ನಿಂತು ಇದನ್ನು ಹೊಗಳಿದರು. ಆದರೂ ಬೇರೂರಲಿಲ್ಲ. ತೊಡಕು ಲೆಕ್ಕದಲ್ಲೇ ಇತ್ತು. 'ಪುಟ್' ಪಟ್ಟಿಯಲ್ಲಿ ಒಂದೇ ಪದ. ಆದರೆ 'ಪುಟ್ ಆಫ್' ಅಂದರೆ ಮುಂದೂಡು, 'ಪುಟ್ ಔಟ್' ಅಂದರೆ ಆರಿಸು, 'ಪುಟ್ ಅಪ್ ವಿತ್' ಅಂದರೆ ಸಹಿಸಿಕೋ. ಕಲಿಯುವವರಿಗೆ ಇವು ಮೂರು ಬೇರೆ ಬೇರೆ ಪಾಠ. ಅದಕ್ಕಿಂತ 'ಟಾಲರೇಟ್' ಕಲಿಯುವುದೇ ಸಲೀಸು.

ವಾಯ್ಸ್ ಆಫ್ ಅಮೆರಿಕ ಬಾನುಲಿ 1959ರಲ್ಲಿ ಸುಮಾರು 1,500 ಪದಗಳ 'ಸ್ಪೆಷಲ್ ಇಂಗ್ಲಿಷ್' ಶುರುಮಾಡಿತು. ಚಿಕ್ಕ ವಾಕ್ಯ, ನಿಧಾನದ ಓದು. ನಾನೀಗ ಓದುತ್ತಿರುವುದಕ್ಕಿಂತಲೂ ನಿಧಾನ. ಅದು ದಶಕಗಳ ಕಾಲ ನಡೆಯಿತು. ಕೇಳುವವರಿಗೆ ಅರ್ಥವಾದರೆ ಸಾಕಿತ್ತು, ತಿರುಗಿ ಮಾತಾಡಬೇಕಿರಲಿಲ್ಲವಲ್ಲ!

ನಿಜವಾಗಿ ಗೆದ್ದದ್ದು ವಿಮಾನ ರಿಪೇರಿಯ ಕೈಪಿಡಿಗಳ ಇಂಗ್ಲಿಷು. 1986ರಲ್ಲಿ ಬಂದ ಅದರ ನಿಯಮಗಳು ಬಲು ಬಿಗಿ. ಕೆಲಸ ಹೇಳುವ ವಾಕ್ಯ 20 ಪದ ಮೀರಬಾರದು. ಒಂದು ವಾಕ್ಯಕ್ಕೆ ಒಂದೇ ಸೂಚನೆ. ಒಂದು ಪದಕ್ಕೆ ಒಂದೇ ಅರ್ಥ: 'ಕ್ಲೋಸ್' ಅಂದರೆ ಮುಚ್ಚು ಎಂದಷ್ಟೇ, ಹತ್ತಿರ ಅನ್ನಲು 'ನಿಯರ್'. ಅಂದರೆ ಪದ ಕಡಿಮೆಯಾದದ್ದಕ್ಕಿಂತ ಅರ್ಥಕ್ಕೆ ಬೇಲಿ ಹಾಕಿದ್ದೇ ಫಲ ಕೊಟ್ಟಿತು.

ಬೇಲಿ ಇಲ್ಲದಿದ್ದರೆ ಸುಲಭದ ಪದವೂ ಕೈಕೊಡುತ್ತದೆ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫೆ ದ್ವೀಪದ ವಿಮಾನ ನಿಲ್ದಾಣದಲ್ಲಿ ಡಚ್ ವಿಮಾನದಿಂದ 'ವಿ ಆರ್ ನೌ ಅಟ್ ಟೇಕಾಫ್' ಎಂಬ ಮಾತು ಬಂತು. ವಿಮಾನ ಆಗಲೇ ಓಡುತ್ತಿತ್ತು; ಹಾರಲು ಸಿದ್ಧವಾಗಿ ನಿಂತಿದೆ ಎಂದು ನಿಯಂತ್ರಕರು ತಿಳಿದರು. ಮಂಜು ಬೇರೆ, ರೇಡಿಯೋದಲ್ಲಿ ಎರಡು ಮಾತು ಒಟ್ಟಿಗೆ ಬಿದ್ದು ಕಿರುಗುಟ್ಟಿದ್ದು ಬೇರೆ. ಅದು ರನ್‌ವೇಯಲ್ಲಿದ್ದ ಇನ್ನೊಂದು ವಿಮಾನಕ್ಕೆ ಡಿಕ್ಕಿ ಹೊಡೆದು 583 ಜನ ಸತ್ತರು. ಆಮೇಲೆ 'ಟೇಕಾಫ್' ಪದವನ್ನು ಹಾರಲು ಅನುಮತಿ ಕೊಡುವಾಗ, ಇಲ್ಲವೇ ಅದನ್ನು ರದ್ದು ಮಾಡುವಾಗ ಮಾತ್ರ ಬಳಸಬೇಕೆಂದಾಯಿತು.

ಈಗ ನಮ್ಮ ಊದುಬತ್ತಿಗೆ ಬನ್ನಿ. ತಾರೀಖನ್ನು 05/06 ಎಂದು ಬರೆದರೆ ನಮಗದು ಜೂನ್ 5, ಅಮೆರಿಕದವರಿಗೆ ಮೇ 6. ತಿಂಗಳ ಹೆಸರನ್ನೇ ಬರೆಯಿರಿ. ಲಕ್ಷ ಎನ್ನಬೇಡಿ, 'ಹಂಡ್ರೆಡ್ ಥೌಸಂಡ್' ಎನ್ನಿ. 'ಡೂ ದ ನೀಡ್‌ಫುಲ್' ನಮ್ಮ ಕಚೇರಿಗಳ ಬಳುವಳಿ, ಏನು ಮಾಡಬೇಕೆಂದೇ ಅದರಲ್ಲಿಲ್ಲ! 'ಕಾರ್ಟನ್ನಿಗೆ ಟೇಪು ಹಾಕಿ' ಒಂದು ವಾಕ್ಯ, 'ಒಣ ಜಾಗದಲ್ಲಿಡಿ' ಇನ್ನೊಂದು.

ಬಲು ಮೋಸದ್ದು 'ಡೋಂಟ್ ಯೂ ನೀಡ್ ಸ್ಯಾಂಪಲ್ಸ್?' ಎಂಬಂಥ ಪ್ರಶ್ನೆ. 'ಮಾದರಿ ಬೇಡವೇ?' ಎಂದರೆ ನಾವು 'ಹೌದು, ಬೇಡ' ಎನ್ನುತ್ತೇವೆ, ಜಪಾನಿನವರ ರೂಢಿಯೂ ಅದೇ. ಇಂಗ್ಲಿಷಿನಲ್ಲಿ ಅದಕ್ಕೆ 'ನೋ' ಎನ್ನಬೇಕು. ಹಾಗಾಗಿ ಬರಿಯ 'ಯೆಸ್' ಬಂದರೆ ಯಾವ ಅರ್ಥವೆಂದು ತಿಳಿಯದು. 'ಮಾದರಿ ಎಷ್ಟು ಬೇಕು?' ಎಂದೇ ಕೇಳಿ.

ಫೋನಿನಲ್ಲಿ ಒಪ್ಪಿಕೊಂಡ ಪ್ರಮಾಣ, ದರ, ತಾರೀಖುಗಳನ್ನು, ನಿಯಂತ್ರಕರ ಮಾತನ್ನು ಪೈಲಟ್‌ಗಳು ತಿರುಗಿ ಹೇಳುವ ಹಾಗೆ, ಆ ಕಡೆಯವರ ಬಾಯಲ್ಲೇ ಒಮ್ಮೆ ಹೇಳಿಸಿ. ಕರಾರು, ಮಾಲು ಕೆಟ್ಟ ದೂರು, ಪರಿಹಾರದ ಚೌಕಾಸಿ ಬಂದಾಗ ಮಾತ್ರ ಈ ಸರಳ ಇಂಗ್ಲಿಷನ್ನು ನೆಚ್ಚಬೇಡಿ. ಎರಡೂ ಭಾಷೆ ಬಲ್ಲ ಅನುವಾದಕರಿಗೆ ದುಡ್ಡು ಕೊಡಿ.

ನಮಸ್ಕಾರ.